ನಾಲ್ಕು ಜನ ಏನಂತಾರೆ? ನೇತ್ರದಾನದ ಅರ್ಜಿಗೆ ಮನೆಯವರ ಸಹಿ ಏಕೆ



ಈ ಸಲದ ಕನ್ನಡ ರಾಜ್ಯೋತ್ಸವದ ದಿನ ಹಿಂದೂಪುರ ಮತ್ತು ಕಲ್ಯಾಣದುರ್ಗ ಎರಡೂ ಕಡೆ ನೇತ್ರದಾನದ ನೋಂದಣಿ ಇಟ್ಟುಕೊಳ್ಳಬೇಕೆಂದು ಕಾರ್ಯಕಾರಿ ಸಮಿತಿ ತೀರ್ಮಾನಿಸಿದೆ. ಅರ್ಜಿಯ ಜೊತೆ ಸಂಘದ ವತಿಯಿಂದ ಇನ್ನೊಂದು ಹಾಳೆ ಲಗತ್ತಿಸುತ್ತಿದ್ದೇವೆ. ಅದರಲ್ಲಿ ಮನೆಯ ಇಬ್ಬರ ಸಹಿ, ದೂರದಲ್ಲಿರುವ ಮಕ್ಕಳ ಫೋನ್ ನಂಬರು, ಪಕ್ಕದ ಮನೆಯವರೊಬ್ಬರ ಹೆಸರು ಇಷ್ಟು ಕೇಳಿದ್ದೇವೆ. "ಕಣ್ಣು ನನ್ನದು, ಸಹಿ ನನ್ನದು, ಇದರಲ್ಲಿ ಪಕ್ಕದ ಮನೆಯವರಿಗೇನು ಕೆಲಸ?" ಎಂದು ಕೆಲವು ಸದಸ್ಯರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಉತ್ತರ ಎರಡು ಸಾಲಿನಲ್ಲಿ ಮುಗಿಯುವಂಥದ್ದಲ್ಲವಾದ್ದರಿಂದ ಈ ಲೇಖನ.

ಮೊದಲು ನಮಗೆಲ್ಲ ಗೊತ್ತಿರುವ ಒಂದು ಮಾತು. ಕನ್ನಡದಲ್ಲಿ "ನಾಲ್ಕು ಜನ ಏನಂತಾರೆ" ಎನ್ನುತ್ತೇವೆ. ನಮ್ಮ ಊರುಗಳಲ್ಲಿ ಅದನ್ನೇ ತೆಲುಗಿನಲ್ಲಿ "ನಲುಗುರು ಏಮನುಕುಂಟಾರು" ಎನ್ನುತ್ತಾರೆ. ಎರಡು ಭಾಷೆಯಲ್ಲೂ ಲೆಕ್ಕ ನಾಲ್ಕೇ. ಹೊರುವುದಕ್ಕೆ ಬೇಕಾದವರೂ ನಾಲ್ಕು ಜನ, ಆಡಿಕೊಳ್ಳುವವರೂ ನಾಲ್ಕು ಜನ. ಸಾವಿನ ನಂತರ ನಮ್ಮ ದೇಹ ಏನಾಗಬೇಕೆಂಬ ಪ್ರಶ್ನೆ ಬಂದಾಗ, ವೈದ್ಯರ ಮಾತಿಗಿಂತ, ಶಾಸ್ತ್ರಕ್ಕಿಂತ, ಖರ್ಚಿಗಿಂತ ಮೊದಲು ಮನಸ್ಸಿಗೆ ಬರುವವರು ಈ ನಾಲ್ಕು ಜನ. ನಾವು ಮಾಡುವ ಕೆಲಸದಿಂದ ಆಗುವ ಉಪಯೋಗ ಒಂದು. ಆ ಕೆಲಸ ನಮ್ಮ ಬಗ್ಗೆ ಇತರರಿಗೆ ಹೇಳುವ ಸುದ್ದಿ ಇನ್ನೊಂದು. ಈ ಎರಡನೆಯದನ್ನೇ ಪಂಡಿತರು ಸಂಕೇತ ಎನ್ನುತ್ತಾರೆ.

ಸಂಕೇತ ಎಂದರೇನು

ಅಮೆರಿಕದ ಅರ್ಥಶಾಸ್ತ್ರಜ್ಞ ಮೈಕೆಲ್ ಸ್ಪೆನ್ಸ್ 1973ರಲ್ಲಿ ಇದನ್ನು ಉದ್ಯೋಗದ ಉದಾಹರಣೆಯಿಂದ ವಿವರಿಸಿದರು. ಕೆಲಸ ಕೊಡುವವನಿಗೆ ಅಭ್ಯರ್ಥಿಯ ಸಾಮರ್ಥ್ಯ ನೇರವಾಗಿ ಕಾಣುವುದಿಲ್ಲ. ಅದಕ್ಕೆ ಅವನು ಪದವಿ ಪತ್ರ ನೋಡುತ್ತಾನೆ. ಪದವಿಯಲ್ಲಿ ಕಲಿತದ್ದು ಆ ಕೆಲಸಕ್ಕೆ ಬರಲಿ ಬಿಡಲಿ, "ಕಷ್ಟಪಟ್ಟು ಮುಗಿಸಬಲ್ಲ ಮನುಷ್ಯ" ಎಂಬ ಸುದ್ದಿಯನ್ನು ಆ ಕಾಗದ ಹೇಳುತ್ತದೆ. ಸ್ಪೆನ್ಸ್ ಅವರಿಗೆ 2001ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಪ್ರಶಸ್ತಿ ಬಂತು. ಅವರ ವಿಚಾರದ ಮುಖ್ಯ ಅಂಶವೆಂದರೆ, ಸುಲಭವಾಗಿ ಸಿಗುವ ಸಂಕೇತವನ್ನು ಯಾರೂ ನಂಬುವುದಿಲ್ಲ. ಕಷ್ಟವೋ ಖರ್ಚೋ ಇದ್ದರೆ ಮಾತ್ರ ನಂಬುತ್ತಾರೆ.

ಇದಕ್ಕೆ ನಾವು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ನಮ್ಮೂರಲ್ಲಿ ಹಿರಿಯರೊಬ್ಬರು ತೀರಿಕೊಂಡರೆ ಸರ್ಕಲ್‌ನಲ್ಲಿ ಶ್ರದ್ಧಾಂಜಲಿ ಫ್ಲೆಕ್ಸ್ ಏಳುತ್ತದೆ. ಹನ್ನೊಂದನೆಯ ದಿನ ಎಷ್ಟು ಎಲೆ ಬಿತ್ತು, ಯಾವ ಸಿಹಿ ಮಾಡಿಸಿದರು ಎಂಬುದನ್ನು ಊರು ಎಣಿಸುತ್ತದೆ. ಶಿವಗಣಾರಾಧನೆಯಿರಲಿ, ವೈಕುಂಠ ಸಮಾರಾಧನೆಯಿರಲಿ, ತೆಲುಗಿನವರ ಪೆದ್ದ ಕರ್ಮವಿರಲಿ, ಹೋದವರಿಗೆ ಸಲ್ಲಬೇಕಾದದ್ದು ಸಲ್ಲುವುದರ ಜೊತೆಗೆ, "ಮಕ್ಕಳು ತಂದೆಯನ್ನು ಚೆನ್ನಾಗಿ ಕಳಿಸಿಕೊಟ್ಟರು" ಎಂಬ ಸುದ್ದಿಯೂ ಅದರಲ್ಲಿದೆ. ಇದರಲ್ಲಿ ತಪ್ಪೇನೂ ಇಲ್ಲ. ಸುದ್ದಿ ಹೇಳದ ಸಂಸ್ಕಾರ ಎಲ್ಲೂ ಇಲ್ಲ. ಮಡಕಶಿರಾ ಕಡೆಯ ಹೇಮಾವತಿ, ಅಂದರೆ ನೊಳಂಬರ ಹೆಂಜೇರು, ಅದರ ಸುತ್ತಲಿನ ನಾಡಿನಲ್ಲಿ ವೀರಗಲ್ಲು ನೆಟ್ಟವರಿಗೂ ಸತ್ತವನ ಶೌರ್ಯವನ್ನು ಬದುಕಿರುವವರಿಗೆ ತಿಳಿಸುವುದೇ ಉದ್ದೇಶವಾಗಿತ್ತು.

ದೇಹವನ್ನು ಹೆಪ್ಪುಗಟ್ಟಿಸಿ ಇಡುವವರು

ಸಾವಿನ ನಂತರದ ಸಹಿ ಎಷ್ಟು ತೊಡಕಾಗಬಲ್ಲದು ಎಂಬುದಕ್ಕೆ ದೂರದ ಒಂದು ಉದಾಹರಣೆ ನೋಡೋಣ. ಅಮೆರಿಕದಲ್ಲಿ ಕ್ರಯೋನಿಕ್ಸ್ ಎಂಬ ಪದ್ಧತಿಯಿದೆ. ಮನುಷ್ಯ ಸತ್ತ ಕೂಡಲೇ ದೇಹವನ್ನು ತಣ್ಣಗೆ ಮಾಡಿ, ರಕ್ತದ ಬದಲು ಮಂಜುಗಡ್ಡೆಯ ಹರಳು ಕಟ್ಟದಂತೆ ತಡೆಯುವ ದ್ರಾವಣ ತುಂಬಿ, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡುತ್ತಾರೆ. ಮುಂದೊಂದು ದಿನ ವಿಜ್ಞಾನ ಮುಂದುವರಿದಾಗ ರೋಗ ವಾಸಿಮಾಡಿ ಎಬ್ಬಿಸಬಹುದು ಎಂಬ ಆಸೆ ಅವರದು. ರಾಬರ್ಟ್ ಎಟಿಂಗರ್ ಎಂಬುವರು 1960ರ ದಶಕದಲ್ಲಿ ಪುಸ್ತಕ ಬರೆದು ಈ ವಿಚಾರ ಹರಡಿದರು. 1967ರ ಜನವರಿ 12ರಂದು ಜೇಮ್ಸ್ ಬೆಡ್‌ಫರ್ಡ್ ಎಂಬ ಪ್ರಾಧ್ಯಾಪಕರ ದೇಹವನ್ನು ಮೊದಲ ಬಾರಿಗೆ ಹೀಗೆ ಇಟ್ಟರು. ಅದು ಇಂದಿಗೂ ಅರಿಜೋನಾದ ಆಲ್ಕರ್ ಸಂಸ್ಥೆಯಲ್ಲಿದೆ. ಇಲ್ಲಿಯವರೆಗೆ ಎದ್ದು ಬಂದವರು ಒಬ್ಬರೂ ಇಲ್ಲ. ಎಬ್ಬಿಸುವ ವಿದ್ಯೆಯೂ ಯಾರ ಬಳಿಯೂ ಇಲ್ಲ.

ಖರ್ಚು ಆಲ್ಕರ್‌ನಲ್ಲಿ ಇಡೀ ದೇಹಕ್ಕೆ ಎರಡು ಲಕ್ಷ ಡಾಲರ್ ಮೇಲ್ಪಟ್ಟು. ಮಿಷಿಗನ್‌ನ ಕ್ರಯೋನಿಕ್ಸ್ ಇನ್‌ಸ್ಟಿಟ್ಯೂಟ್‌ನಲ್ಲಿ 28 ಸಾವಿರ ಡಾಲರ್‌ನಿಂದ ಶುರು. ಬಹಳ ಜನ ಜೀವ ವಿಮೆಯ ಹಣವನ್ನು ಇದಕ್ಕೆ ಬರೆದಿಡುತ್ತಾರೆ, ಆದ್ದರಿಂದ ಮಧ್ಯಮ ವರ್ಗದವರೂ ಸೇರಬಹುದು. ಆದರೂ ಅರ್ಧ ಶತಮಾನ ದಾಟಿದ ಮೇಲೂ ಪ್ರಪಂಚದಲ್ಲಿ ಹೀಗೆ ಇಟ್ಟಿರುವ ದೇಹಗಳು ಕೆಲವು ನೂರು, ಸಹಿ ಹಾಕಿ ಕಾದಿರುವವರು ಕೆಲವು ಸಾವಿರ, ಅಷ್ಟೇ.

ನಂಬಿಕೆಯಿಲ್ಲದಿರುವುದು ದೊಡ್ಡ ಕಾರಣ, ಅದು ಸರಿಯೇ. ಆದರೆ ನಂಬಿಕೆಯಿದ್ದವರೂ ಹಿಂದೆ ಸರಿಯುತ್ತಾರೆ. ಕಾರಣ ಮನೆಯಲ್ಲಿದೆ. ಗಂಡ ಸಹಿ ಹಾಕಲು ಹೊರಟಾಗ ಹೆಂಡತಿ ಬಲವಾಗಿ ವಿರೋಧಿಸುವುದು ಅಲ್ಲಿ ಎಷ್ಟು ಸಾಮಾನ್ಯವೆಂದರೆ, ಆ ವಲಯದವರು ಅದಕ್ಕೊಂದು ಹೆಸರನ್ನೇ ಇಟ್ಟಿದ್ದಾರೆ. ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ರಾಬಿನ್ ಹ್ಯಾನ್ಸನ್ ಸಹಿ ಹಾಕಿದವರು. ಅವರ ಪತ್ನಿ ಸಾವಿನ ಅಂಚಿನಲ್ಲಿರುವ ರೋಗಿಗಳ ಆರೈಕೆಯ ವೃತ್ತಿಯವರು. ಅವರಿಗೆ ಇದು ಒಪ್ಪಿಗೆಯಿಲ್ಲ. 2010ರಲ್ಲಿ ನ್ಯೂಯಾರ್ಕ್ ಟೈಮ್ಸ್ ಈ ದಂಪತಿಯ ಬಗ್ಗೆಯೇ ದೊಡ್ಡ ಲೇಖನ ಪ್ರಕಟಿಸಿತ್ತು.

ನಮ್ಮ ಮನೆಗಳ ದೃಷ್ಟಿಯಿಂದ ನೋಡಿದರೆ ಆ ಹೆಂಗಸರ ಸಂಕಟ ಅರ್ಥವಾಗುತ್ತದೆ. ಗಂಡ ಹಾಕುವ ಸಹಿ ಹೆಂಡತಿಗೆ ಹೇಳುವುದೇನು? "ನಿನ್ನ ಜೊತೆ ಮಣ್ಣಾಗಲು ನನಗೆ ಮನಸ್ಸಿಲ್ಲ, ನೀನಿಲ್ಲದ ಕಾಲದಲ್ಲಿ ನಾನೊಬ್ಬನೇ ಎದ್ದು ಓಡಾಡುತ್ತೇನೆ." ಅವನ ಮನಸ್ಸಿನಲ್ಲಿ ಹಾಗಿಲ್ಲದಿರಬಹುದು. ಆದರೆ ಕಾಗದ ಹಾಗೆ ಓದಿಸಿಕೊಳ್ಳುತ್ತದೆ. ನೆಂಟರಿಗೆ ಅದು "ವಿಮೆ ಹಣ ಮಕ್ಕಳಿಗೆ ಬಿಡದೆ ತನಗೇ ಖರ್ಚು ಮಾಡಿಕೊಂಡ" ಎಂದು ಓದಿಸಿಕೊಳ್ಳುತ್ತದೆ. ನೆರೆಯವರಿಗೆ "ತಲೆ ಸರಿಯಿಲ್ಲ" ಎಂದು.

ಜಗಳ ಕೋರ್ಟಿಗೂ ಹೋಗಿದೆ. ಪ್ರಸಿದ್ಧ ಬೇಸ್‌ಬಾಲ್ ಆಟಗಾರ ಟೆಡ್ ವಿಲಿಯಮ್ಸ್ 2002ರ ಜುಲೈನಲ್ಲಿ ತೀರಿಕೊಂಡರು. ತಮ್ಮ ದೇಹವನ್ನು ದಹನ ಮಾಡಬೇಕೆಂದು ಅವರು 1996ರ ಉಯಿಲಿನಲ್ಲಿ ಬರೆದಿದ್ದರು. ಮಗ ಮತ್ತು ಕಿರಿಯ ಮಗಳು, ಅಪ್ಪ ಆಮೇಲೆ ಸಹಿ ಹಾಕಿದ್ದೆಂದು ಎಣ್ಣೆ ಕಲೆಯಾದ ಒಂದು ಚೀಟಿ ತೋರಿಸಿ ದೇಹವನ್ನು ಹೆಪ್ಪುಗಟ್ಟಿಸಿ ಇಟ್ಟರು. ಹಿರಿಯ ಮಗಳು ಅದನ್ನು ಒಪ್ಪದೆ ಹೋರಾಡಿದರು. ಇಂಗ್ಲೆಂಡಿನಲ್ಲಿ 2016ರಲ್ಲಿ ಕ್ಯಾನ್ಸರಿನಿಂದ ಸಾಯುತ್ತಿದ್ದ 14 ವರ್ಷದ ಹುಡುಗಿ ತನ್ನ ದೇಹವನ್ನು ಹೀಗೆ ಇಡಬೇಕೆಂದು ನ್ಯಾಯಾಧೀಶರಿಗೆ ಪತ್ರ ಬರೆದಳು. ತಾಯಿ ಒಪ್ಪಿದ್ದರು, ಬಹಳ ವರ್ಷಗಳಿಂದ ದೂರವಿದ್ದ ತಂದೆ ಮೊದಲು ಒಪ್ಪಿರಲಿಲ್ಲ. ನ್ಯಾಯಮೂರ್ತಿ ಪೀಟರ್ ಜಾಕ್ಸನ್ ಅಂತಿಮ ನಿರ್ಧಾರವನ್ನು ತಾಯಿಗೆ ಬಿಟ್ಟರು. ತಾವು ತೀರ್ಮಾನಿಸುತ್ತಿರುವುದು ತಂದೆತಾಯಿಯ ವಿವಾದವನ್ನೇ ಹೊರತು ಆ ವಿಜ್ಞಾನದ ಸರಿತಪ್ಪನ್ನಲ್ಲ ಎಂದೂ ಸ್ಪಷ್ಟಪಡಿಸಿದರು.

ಗಮನಿಸಿ. ಎರಡು ಪ್ರಕರಣದಲ್ಲೂ ಪ್ರಶ್ನೆ "ಇದು ಫಲಿಸುತ್ತದೆಯೇ" ಎಂಬುದಾಗಿರಲಿಲ್ಲ. "ದೇಹದ ಮೇಲೆ ಮಾತು ಯಾರದು" ಎಂಬುದಾಗಿತ್ತು. ಸತ್ತವರು ಎದ್ದು ಬಂದು ಸಾಕ್ಷಿ ಹೇಳುವುದಿಲ್ಲ.

ಅದೇ ಕೆಲಸ, ಬೇರೆ ಸುದ್ದಿ

ಇನ್ನು ನಮ್ಮ ದೇಶದ ಪ್ರಕರಣ. ಪಂಜಾಬಿನ ನೂರಮಹಲ್‌ನಲ್ಲಿ ದಿವ್ಯ ಜ್ಯೋತಿ ಜಾಗೃತಿ ಸಂಸ್ಥಾನದ ಗುರು ಆಶುತೋಷ್ ಮಹಾರಾಜ್ ತೀರಿಕೊಂಡರೆಂದು 2014ರ ಜನವರಿಯಲ್ಲಿ ವೈದ್ಯರು ಹೇಳಿದರು. ಶಿಷ್ಯರು, "ಗುರುಗಳು ಸಮಾಧಿಯಲ್ಲಿದ್ದಾರೆ, ಹಿಂದಿರುಗುತ್ತಾರೆ" ಎಂದು ದೇಹವನ್ನು ಫ್ರೀಜರ್‌ನಲ್ಲಿಟ್ಟರು. ಅದೇ ವರ್ಷ ಡಿಸೆಂಬರ್‌ನಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟಿನ ಏಕಸದಸ್ಯ ಪೀಠ ಅಂತ್ಯಕ್ರಿಯೆ ಮಾಡುವಂತೆ ಆದೇಶಿಸಿತು. 2017ರ ಜುಲೈನಲ್ಲಿ ವಿಭಾಗೀಯ ಪೀಠ ಆ ಆದೇಶವನ್ನು ಬದಿಗಿಟ್ಟು ದೇಹ ಇಟ್ಟುಕೊಳ್ಳಲು ಬಿಟ್ಟಿತು.

ಅಮೆರಿಕದಲ್ಲಿ ದೇಹವನ್ನು ತಣ್ಣಗಿಟ್ಟರೆ "ನಮ್ಮನ್ನು ಬಿಟ್ಟು ಹೊರಟ" ಎಂದು ಓದುತ್ತಾರೆ. ನೂರಮಹಲ್‌ನಲ್ಲಿ ಅದೇ ಕೆಲಸವನ್ನು "ನಾವು ಗುರುವನ್ನು ಬಿಡಲಿಲ್ಲ" ಎಂದು ಓದುತ್ತಾರೆ. ತಣ್ಣಗಿಡುವ ಕ್ರಿಯೆಗೆ ತನ್ನದೇ ಆದ ಅರ್ಥವಿಲ್ಲ, ಸುತ್ತಲಿದ್ದವರು ಕೊಟ್ಟದ್ದೇ ಅರ್ಥ.

ನಮ್ಮ ಬೀದಿಯಲ್ಲೂ ಈಗ ಫ್ರೀಜರ್ ಪೆಟ್ಟಿಗೆ ಇದೆ. ಮಗ ಬೆಂಗಳೂರಿನಿಂದಲೋ ದುಬೈನಿಂದಲೋ ಅಮೆರಿಕದಿಂದಲೋ ಬರುವವರೆಗೆ ಅದನ್ನು ಬಾಡಿಗೆಗೆ ತಂದು ದೇಹವನ್ನು ಅದರಲ್ಲಿಡುತ್ತೇವೆ. ಮೂವತ್ತು ವರ್ಷದ ಹಿಂದೆ ಸಂಜೆಯೊಳಗೆ ಮುಗಿಸದಿದ್ದರೆ ಬೈಯುತ್ತಿದ್ದರು. ಈಗ ಕಾಯದಿದ್ದರೆ ಬೈಯುತ್ತಾರೆ. ಯಾವ ಶಾಸ್ತ್ರವೂ ಬದಲಾಗಲಿಲ್ಲ, ಮಕ್ಕಳು ದೂರ ಹೋದರು, ಓದುವ ರೀತಿ ಬದಲಾಯಿತು.

ಕಣ್ಣಿನ ವಿಷಯದಲ್ಲಿ ಸುದ್ದಿ ಬದಲಾದ ಬಗೆ

ನೇತ್ರದಾನಕ್ಕೆ ಖರ್ಚಿಲ್ಲ, ಅದರ ಫಲವನ್ನು ಭವಿಷ್ಯಕ್ಕೆ ಬಿಡಬೇಕಾಗಿಯೂ ಇಲ್ಲ. ಕಣ್ಣಿನ ಮುಂದಿನ ಪಾರದರ್ಶಕ ಪದರ ಕಾರ್ನಿಯಾ ಮಂಜಾಗಿ ದೃಷ್ಟಿ ಹೋದವರಿಗೆ ಬೇರೆಯವರ ಕಾರ್ನಿಯಾ ಹಾಕಿದರೆ ಮತ್ತೆ ಕಾಣುತ್ತದೆ. ಇದು ದಿನನಿತ್ಯ ನಡೆಯುತ್ತಿರುವ ಶಸ್ತ್ರಚಿಕಿತ್ಸೆ. ಹಾಗಿದ್ದರೂ ನಮ್ಮ ಮನೆಗಳಲ್ಲಿ ಹಿಂಜರಿಕೆ ಏಕೆ? "ಮುಂದಿನ ಜನ್ಮದಲ್ಲಿ ಕುರುಡರಾಗಿ ಹುಟ್ಟುತ್ತಾರಂತೆ" ಎನ್ನುತ್ತಾರೆ. ಸ್ವಲ್ಪ ಕೆದಕಿ ಕೇಳಿದರೆ ಹಾಗೆ ಹೇಳುವವರಲ್ಲಿ ಬಹಳ ಜನ ಅದನ್ನು ತಾವು ನಂಬುವುದಿಲ್ಲ. "ನಮಗೇನಿಲ್ಲಪ್ಪ, ಅತ್ತೆ ಕಡೆಯವರು ಅಂತಾರೆ" ಎನ್ನುತ್ತಾರೆ. ಅತ್ತೆ ಕಡೆಯವರನ್ನು ಕೇಳಿದರೆ ಅವರು ಸೊಸೆ ಕಡೆಯವರನ್ನು ತೋರಿಸುತ್ತಾರೆ.

ಕಣ್ಣು ಕೊಡುವುದು ಅಪಶಕುನವೆಂದು ನಮ್ಮ ಪರಂಪರೆ ಹೇಳಿದ್ದರೆ ಬೇಡರ ಕಣ್ಣಪ್ಪನನ್ನು ನಾವು ಪೂಜಿಸುತ್ತಿರಲಿಲ್ಲ. ಶಿವನ ಕಣ್ಣಿನಲ್ಲಿ ರಕ್ತ ಸುರಿಯುವುದನ್ನು ಕಂಡು ತನ್ನ ಕಣ್ಣು ಕಿತ್ತು ಕೊಟ್ಟ ಬೇಟೆಗಾರನ ಆ ಕಥೆ ಕನ್ನಡಿಗರದೂ ಹೌದು, ತೆಲುಗರದೂ ಹೌದು. ಕಾಳಹಸ್ತಿ ಇರುವುದು ನಮ್ಮ ಆಂಧ್ರದಲ್ಲೇ. ಡಾ. ರಾಜ್‌ಕುಮಾರ್ ನಾಯಕನಟರಾದ ಮೊದಲ ಚಿತ್ರ 1954ರ 'ಬೇಡರ ಕಣ್ಣಪ್ಪ'. ಅದೇ ವರ್ಷ ಅದೇ ಕಥೆಯ ತೆಲುಗು ಚಿತ್ರದಲ್ಲೂ ಕಣ್ಣಪ್ಪನಾದವರು ಅವರೇ.

ಪರದೆಯ ಮೇಲೆ ಕಣ್ಣು ಕೊಟ್ಟವರು ನಿಜವಾಗಿಯೂ ಕೊಟ್ಟರು. ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ 1994ರಲ್ಲಿ ಡಾ. ರಾಜ್‌ಕುಮಾರ್ ನೇತ್ರ ಬ್ಯಾಂಕ್ ಆರಂಭವಾದಾಗ ಅವರು ತಮ್ಮ ಕಣ್ಣುಗಳನ್ನು ಕೊಡುವುದಾಗಿ ಹೇಳಿದ್ದರು. 2006ರ ಏಪ್ರಿಲ್ 12ರಂದು ಅವರು ತೀರಿಕೊಂಡಾಗ ಮನೆಯವರು ಆ ಮಾತು ನಡೆಸಿಕೊಟ್ಟರು. 2017ರ ಮೇ 31ರಂದು ಪಾರ್ವತಮ್ಮನವರು ಹೋದಾಗಲೂ ಹಾಗೆಯೇ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ಹಠಾತ್ತನೆ ಹೋದರು. ಇಡೀ ನಾಡು ದಿಕ್ಕೆಟ್ಟಿತ್ತು, ಆದರೆ ಮನೆಯವರು ಆ ಗಳಿಗೆಯಲ್ಲೂ ಕಣ್ಣು ಕೊಡಲು ಮರೆಯಲಿಲ್ಲ. ವೈದ್ಯರು ಒಂದೊಂದು ಕಾರ್ನಿಯಾವನ್ನೂ ಮುಂದಿನ ಪದರ, ಹಿಂದಿನ ಪದರ ಎಂದು ಬಿಡಿಸಿ, ಮೇಲ್ಭಾಗ ಕೆಟ್ಟಿದ್ದ ಇಬ್ಬರಿಗೆ ಮುಂದಿನದನ್ನೂ ಒಳಭಾಗ ಕೆಟ್ಟಿದ್ದ ಇಬ್ಬರಿಗೆ ಹಿಂದಿನದನ್ನೂ ಹಾಕಿದರು. ಎರಡು ಕಣ್ಣಿನಿಂದ ನಾಲ್ಕು ಜನರಿಗೆ ದೃಷ್ಟಿ ಬಂತು.

ಆಮೇಲೆ ಕರ್ನಾಟಕದಲ್ಲಿ ನೇತ್ರದಾನಕ್ಕೆ ಹೆಸರು ಬರೆಸುವವರು ಎಷ್ಟೋ ಪಟ್ಟು ಹೆಚ್ಚಾದರು. ಕಾರ್ನಿಯಾದ ವಿಜ್ಞಾನವನ್ನು ಜನ ಒಂದೇ ವಾರದಲ್ಲಿ ಕಲಿತರೆಂದು ಇದರ ಅರ್ಥವಲ್ಲ. "ಅಪ್ಪು ಮನೆಯವರೇ ಕೊಟ್ಟರು" ಎಂಬ ಒಂದು ವಾಕ್ಯ ಸಿಕ್ಕಿತು. ನಾಲ್ಕು ಜನರ ಮುಂದೆ ಹೇಳಲು ಬರುವಂಥ ವಾಕ್ಯ. ಕಣ್ಣು ಕೊಟ್ಟ ಮನೆ ಎಂದರೆ "ಹೆಣದ ಕಣ್ಣು ಕೀಳಿಸಿದವರು" ಎಂಬ ಓದು ಹೋಗಿ "ದೊಡ್ಡ ಮನಸ್ಸಿನವರು" ಎಂಬ ಓದು ಬಂತು. ಸರ್ಕಾರಗಳಿಗೂ ಇದು ಗೊತ್ತಾಗಿದೆ. ಅಂಗಾಂಗ ದಾನ ಮಾಡಿದವರಿಗೆ ಸರ್ಕಾರಿ ಗೌರವದೊಂದಿಗೆ ಅಂತ್ಯಕ್ರಿಯೆ ಎಂದು ತಮಿಳುನಾಡು ಸರ್ಕಾರ 2023ರ ಸೆಪ್ಟೆಂಬರ್‌ನಲ್ಲಿ ಘೋಷಿಸಿತು. ಊರಿನ ಕಣ್ಣಿಗೆ ಕಾಣುವ ಗೌರವ ಅದು.

ದೇಹದಾನ

ಇಡೀ ದೇಹವನ್ನು ವೈದ್ಯಕೀಯ ಕಾಲೇಜಿಗೆ ಕೊಡುವ ವಿಷಯ ಇನ್ನೂ ಕಷ್ಟ. ಇಲ್ಲಿ ಬೆಂಕಿಯೂ ಇಲ್ಲ, ಮಣ್ಣೂ ಇಲ್ಲ, ಹೊರುವ ನಾಲ್ಕು ಜನರಿಗೆ ಕೆಲಸವೂ ಇಲ್ಲ. "ಖರ್ಚು ಉಳಿಸಲು ಆಸ್ಪತ್ರೆಗೆ ಸಾಗಿಸಿದರು" ಎಂಬ ಮಾತಿಗೆ ಹೆದರದ ಮಕ್ಕಳಿಲ್ಲ.

ಆ ಹೆದರಿಕೆಯನ್ನು ದಾಟಿದವರು ನಮ್ಮಲ್ಲೇ ಇದ್ದಾರೆ. ಬೈಲಹೊಂಗಲದ ಡಾ. ಬಸವಣ್ಣೆಪ್ಪ ರಾಮಣ್ಣವರ ತಮ್ಮ ದೇಹವನ್ನು ದಾನ ಮಾಡಿ, ಮಗನೇ ಅದನ್ನು ವಿದ್ಯಾರ್ಥಿಗಳ ಮುಂದೆ ಛೇದಿಸಿ ಪಾಠ ಹೇಳಬೇಕೆಂದು ಬಯಸಿದ್ದರು. ಅವರು 2008ರಲ್ಲಿ ತೀರಿಕೊಂಡರು. ದೇಹವನ್ನು ಕೆಡದಂತೆ ಸಂರಕ್ಷಿಸಿ ಇಡಲಾಯಿತು. 2010ರ ನವೆಂಬರ್‌ನಲ್ಲಿ ಬೆಳಗಾವಿಯ ಕೆಎಲ್‌ಇ ಸಂಸ್ಥೆಯ ಆಯುರ್ವೇದ ಕಾಲೇಜಿನಲ್ಲಿ ಮಗ ಡಾ. ಮಹಾಂತೇಶ ರಾಮಣ್ಣವರ ತಂದೆಯ ದೇಹವನ್ನು ತಾವೇ ಛೇದಿಸಿ ತೋರಿಸಿದರು. ತಂದೆಗೆ ಮಗ ಸಲ್ಲಿಸಬೇಕಾದ ಋಣವನ್ನು ಹೀಗೂ ಸಲ್ಲಿಸಬಹುದೆಂದು ನಾಡಿಗೆ ತಿಳಿಯಿತು. ಇವರ ದೇಹವೂ ಎರಡು ವರ್ಷ ಕಾದಿತ್ತು, ಅಮೆರಿಕದ ದೇಹಗಳೂ ಕಾದಿವೆ. ಇವರು ಕಾದದ್ದು ಬೇರೆಯವರಿಗೆ ಉಪಯೋಗವಾಗುವುದಕ್ಕೆ.

ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯಾಗಿದ್ದ ಜ್ಯೋತಿ ಬಸು ಅವರ ದೇಹ 2010ರಲ್ಲಿ ಕೋಲ್ಕತ್ತದ ಎಸ್‌ಎಸ್‌ಕೆಎಂ ಆಸ್ಪತ್ರೆಗೆ, ಸೀತಾರಾಮ್ ಯೆಚೂರಿ ಅವರ ದೇಹ 2024ರಲ್ಲಿ ದೆಹಲಿಯ ಏಮ್ಸ್‌ಗೆ ಹೋಯಿತು. ಅವರ ರಾಜಕೀಯ ಯಾರಿಗೆ ಒಪ್ಪಿಗೆಯೋ ಇಲ್ಲವೋ, "ಖರ್ಚು ಉಳಿಸಿದರು" ಎಂದು ಅವರ ಮನೆಯವರ ಬಗ್ಗೆ ಯಾರೂ ಹೇಳಲಿಲ್ಲ. ಬದುಕಿದ್ದಾಗಲೇ ಎಲ್ಲರಿಗೂ ತಿಳಿಯುವಂತೆ ಹೇಳಿದ ಮಾತಿಗೆ ಸತ್ತಾಗ ಅಪಾರ್ಥ ಬರುವುದು ಕಡಿಮೆ.

ವೇದಿಕೆಯ ಸಹಿ, ಅಂಗಳದ ಸಹಿ

ಈಗ ನಮ್ಮ ಹಾಳೆಯ ವಿಷಯಕ್ಕೆ ಬರೋಣ. ಶಿಬಿರಗಳಲ್ಲಿ ಸಹಿ ಹಾಕುವುದು ಸುಲಭ. ಮೈಕ್ ಇದೆ, ಚಪ್ಪಾಳೆ ಇದೆ, ಫೋಟೋ ಇದೆ. ಅಲ್ಲಿ ನೋಡುವವರು ಸಹಿಯನ್ನು "ಉದಾರ ಮನಸ್ಸು" ಎಂದು ಓದುತ್ತಾರೆ. ಆದರೆ ಕಣ್ಣು ಕೊಡುವ ಹೊತ್ತು ಬರುವುದು ವೇದಿಕೆಯ ಮೇಲಲ್ಲ, ಮನೆಯ ಅಂಗಳದಲ್ಲಿ. ಅಲ್ಲಿ ಮೈಕ್ ಇಲ್ಲ. ಅಳುವ ಹೆಂಗಸರಿದ್ದಾರೆ, ದೊಡ್ಡಪ್ಪ ಚಿಕ್ಕಪ್ಪಂದಿರಿದ್ದಾರೆ, ಬೀಗರಿದ್ದಾರೆ. ಸಹಿ ಹಾಕಿದವರು ಮಲಗಿದ್ದಾರೆ. ಅಂಗಳದ ಮಾತಿಗೆ ಉತ್ತರ ಕೊಡಬೇಕಾದವರು ಮಕ್ಕಳು. ವೇದಿಕೆಯಲ್ಲಿ ತಂದೆಗೆ ಬಂದ ಚಪ್ಪಾಳೆ ಇಲ್ಲಿ ಮಗನಿಗೆ ಸಹಾಯಕ್ಕೆ ಬರುವುದಿಲ್ಲ. ಸ್ಪೆನ್ಸ್ ಹೇಳಿದ ಹಾಗೆ, ವೇದಿಕೆಯದು ಸುಲಭದ ಸಂಕೇತ, ಅಂಗಳದ್ದು ಬೆಲೆ ತೆರುವ ಸಂಕೇತ. ಕುರುಡರಿಗೆ ಕಣ್ಣು ಬರುವುದು ಎರಡನೆಯದರಿಂದ.

ನಮ್ಮ ಕಡೆಯ ಹಿರಿಯರೊಬ್ಬರು ಬಹಳ ಹಿಂದೆಯೇ ನೇತ್ರದಾನದ ಕಾರ್ಡು ಮಾಡಿಸಿದ್ದರು. ಅವರು ಹೋಗಿ ಹತ್ತು ದಿನದ ಮೇಲೆ, ಎಲ್‌ಐಸಿ ಬಾಂಡು ಹುಡುಕುವಾಗ ಬೀರುವಿನ ಫೈಲಿನಲ್ಲಿ ಆ ಕಾರ್ಡು ಸಿಕ್ಕಿತು. ಮಗಳು ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಿದ್ದಳೆಂದು ಕೇಳಿದೆವು. ಕಾಗದ ಸರಿಯಾಗಿತ್ತು, ಸಹಿ ಸರಿಯಾಗಿತ್ತು, ತಾರೀಖೂ ಇತ್ತು. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅಷ್ಟೇ. ಕಚೇರಿಗಳಲ್ಲಿ ವರ್ಷಗಟ್ಟಲೆ ಫೈಲು ನೋಡಿದ ನಮ್ಮಂಥವರಿಗೆ ಇದು ಗೊತ್ತಿರುವ ವಿಷಯ. ಫೈಲಿನಲ್ಲಿರುವ ಕಾಗದಕ್ಕೆ ಬಾಯಿಲ್ಲ, ಎತ್ತಿ ಮಂಡಿಸುವವರು ಬೇಕು.

ಕಾನೂನು ಇದನ್ನು ಮೊದಲೇ ಯೋಚಿಸಿದೆ. ಅಂಗಾಂಗ ಕಸಿಯ ಬಗ್ಗೆ ಕೇಂದ್ರ ಸರ್ಕಾರದ 1994ರ ಕಾಯ್ದೆ ದಾನದ ಒಪ್ಪಿಗೆಗೆ ಇಬ್ಬರು ಸಾಕ್ಷಿಗಳನ್ನು ಕೇಳುತ್ತದೆ. ಅವರಲ್ಲಿ ಒಬ್ಬರಾದರೂ ಹತ್ತಿರದ ಸಂಬಂಧಿಯಾಗಿರಬೇಕು. ಅಷ್ಟಾದ ಮೇಲೂ, ಸಾವಿನ ಹೊತ್ತಿನಲ್ಲಿ ಮನೆಯವರು ಬೇಡವೆಂದರೆ ವೈದ್ಯರು ಕಣ್ಣು ಮುಟ್ಟುವುದಿಲ್ಲ. ಇನ್ನೊಂದು ಕಡೆ, ಬದುಕಿದ್ದಾಗ ಯಾವ ಕಾರ್ಡೂ ಮಾಡಿಸದಿದ್ದರೂ ಮನೆಯವರು ಮುಂದೆ ಬಂದರೆ ನೇತ್ರದಾನ ಆಗುತ್ತದೆ. ಹಾಗಾಗಿ ಕಾರ್ಡಿಗಿಂತ ಮನೆಯವರ ಮನಸ್ಸು ದೊಡ್ಡದು.

ಪಕ್ಕದ ಮನೆಯವರ ಹೆಸರು ಏಕೆಂದರೆ, ಕಣ್ಣು ತೆಗೆಯಬೇಕಾದದ್ದು ಸಾವಿನ ನಂತರ ಆರು ಗಂಟೆಯೊಳಗೆ. ಫ್ರೀಜರ್ ಪೆಟ್ಟಿಗೆ ಮಗನಿಗಾಗಿ ಎರಡು ದಿನ ಕಾಯುತ್ತದೆ, ಕಾರ್ನಿಯಾ ಕಾಯುವುದಿಲ್ಲ. ಹಿಂದೂಪುರದಲ್ಲೂ ಕಲ್ಯಾಣದುರ್ಗದಲ್ಲೂ ಎಷ್ಟೋ ಮನೆಗಳಲ್ಲಿ ಈಗ ಇರುವವರು ಮುದುಕ ಮುದುಕಿ ಇಬ್ಬರೇ. ಒಬ್ಬರು ಹೋದರೆ ಉಳಿದವರು ಫೋನು ಹಿಡಿಯುವ ಸ್ಥಿತಿಯಲ್ಲಿ ಇರುವುದಿಲ್ಲ. ಮೊದಲು ಓಡಿ ಬರುವವರು ಪಕ್ಕದ ಮನೆಯವರು. ಅವರಿಗೆ ಮೊದಲೇ ಗೊತ್ತಿದ್ದರೆ ಅವರೇ ಫೋನು ಮಾಡುತ್ತಾರೆ. ಅದಕ್ಕಿಂತ ಮುಖ್ಯವಾಗಿ, "ಅವರ ಆಸೆಯೇ ಹಾಗಿತ್ತು, ನಮ್ಮ ಮುಂದೆಯೇ ಹೇಳಿದ್ದರು" ಎಂದು ಅಂಗಳದಲ್ಲಿ ಒಂದು ಮಾತು ಹೇಳುತ್ತಾರೆ. ಆ ಒಂದು ಮಾತು ಬಿದ್ದರೆ ಮಕ್ಕಳ ಮೇಲಿನ ಭಾರ ಇಳಿಯುತ್ತದೆ. ನಾಲ್ಕು ಜನರಿಗೆ ಹೆದರುವುದಕ್ಕಿಂತ ಆ ನಾಲ್ವರಲ್ಲಿ ಒಬ್ಬರನ್ನು ಮೊದಲೇ ನಮ್ಮ ಕಡೆ ಮಾಡಿಕೊಳ್ಳುವುದು ಸುಲಭ.

ಮಾಡಬೇಕಾದದ್ದು

ಸದಸ್ಯರು ದಯವಿಟ್ಟು ಇವನ್ನು ಗಮನಿಸಿ:

1. ವಯಸ್ಸಿನ ಮಿತಿಯಿಲ್ಲ. ಕನ್ನಡಕ ಹಾಕುವವರು, ಪೊರೆಯ ಆಪರೇಷನ್ ಆದವರು, ಸಕ್ಕರೆ ಕಾಯಿಲೆ ಮತ್ತು ಬಿಪಿ ಇರುವವರು ಎಲ್ಲರೂ ಹೆಸರು ಕೊಡಬಹುದು. ಏಡ್ಸ್, ರೇಬಿಸ್, ಹೆಪಟೈಟಿಸ್, ರಕ್ತಕ್ಕೆ ಹರಡಿದ ಸೋಂಕು ಇಂಥವುಗಳಿಂದ ತೀರಿಕೊಂಡವರ ಕಣ್ಣನ್ನು ತೆಗೆದುಕೊಳ್ಳುವುದಿಲ್ಲ.

2. ಸಾವು ಸಂಭವಿಸಿದ ಕೂಡಲೇ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಿ. ಫ್ಯಾನ್ ಆರಿಸಿ. ತಲೆಯ ಕೆಳಗೆ ದಿಂಬು ಇಟ್ಟು ಸ್ವಲ್ಪ ಎತ್ತರಿಸಿ. ವೈದ್ಯರಿಂದ ಮರಣದ ದೃಢೀಕರಣ ತೆಗೆದಿಡಿ. ನೇತ್ರ ಬ್ಯಾಂಕಿಗೆ ತಕ್ಷಣ ಫೋನು ಮಾಡಿ.

3. ತಂಡ ಮನೆಗೇ ಬರುತ್ತದೆ. ಕೆಲಸ ಸುಮಾರು ಇಪ್ಪತ್ತು ನಿಮಿಷ. ಮುಖ ವಿಕಾರವಾಗುವುದಿಲ್ಲ. ದರ್ಶನಕ್ಕಾಗಲಿ, ದಹನಕ್ಕಾಗಲಿ, ಸಮಾಧಿಗಾಗಲಿ, ದಫನಕ್ಕಾಗಲಿ ಅಡ್ಡಿಯಿಲ್ಲ. ಹಣ ಕೊಡುವುದೂ ಇಲ್ಲ, ತೆಗೆದುಕೊಳ್ಳುವುದೂ ಇಲ್ಲ.

4. ದೇಹದಾನಕ್ಕೆ ಮನಸ್ಸಿರುವವರು ಪ್ರತ್ಯೇಕವಾಗಿ ಸಮಿತಿಯನ್ನು ಕಾಣಿರಿ. ನಮ್ಮ ಎರಡೂ ಊರಿಗೆ ಅನಂತಪುರದ ಸರ್ಕಾರಿ ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗ ಇದೆ. ಮರಣೋತ್ತರ ಪರೀಕ್ಷೆಯಾದ ದೇಹವನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಕಲ್ಯಾಣದುರ್ಗದಿಂದ ಸುಮಾರು 60 ಕಿಲೋಮೀಟರ್, ಹಿಂದೂಪುರದಿಂದ ಸುಮಾರು 110 ಕಿಲೋಮೀಟರ್ ದೂರ. ವಾಹನದ ಏರ್ಪಾಡನ್ನು ಮನೆಯವರು ಮೊದಲೇ ಮಾತಾಡಿಕೊಂಡಿರಬೇಕು.

5. ಹಾಳೆಯನ್ನು ವೇದಿಕೆಯಲ್ಲಿ ತುಂಬಿಸಿಕೊಳ್ಳುವುದಿಲ್ಲ. ಮನೆಗೆ ತೆಗೆದುಕೊಂಡು ಹೋಗಿ. ರಾತ್ರಿ ಊಟವಾದ ಮೇಲೆ ಎಲ್ಲರೂ ಕೂತಾಗ ಓದಿ ಹೇಳಿ. ಯಜಮಾನರು ಮನೆಯಾಕೆಯನ್ನು ಕೇಳದೆ, ಮನೆಯಾಕೆ ಯಜಮಾನರನ್ನು ಕೇಳದೆ ತುಂಬಬೇಡಿ. ದೂರದ ಮಕ್ಕಳಿಗೆ ಫೋನು ಮಾಡಿ. ಯಾರಾದರೂ ಬೇಡವೆಂದರೆ ಜಗಳವಾಡಬೇಡಿ, ಹಾಳೆಯನ್ನು ಹಾಗೇ ಇಟ್ಟು ಮುಂದಿನ ಯುಗಾದಿಗೆ ಮತ್ತೆ ತೆಗೆಯಿರಿ. ಒಪ್ಪಿದರೆ ಸಹಿ ಮಾಡಿಸಿ ತಂದುಕೊಡಿ. ಬೇಗ ಬಂದು ತಲುಪಬಲ್ಲ ನೇತ್ರ ಬ್ಯಾಂಕಿನ ಫೋನ್ ನಂಬರನ್ನು ದಪ್ಪ ಅಕ್ಷರದಲ್ಲಿ ಬರೆದ ಕಾರ್ಡನ್ನು ಸಂಘದಿಂದ ಕೊಡುತ್ತೇವೆ. ಅದನ್ನು ಬೀರುವಿನಲ್ಲಿಡದೆ ಕ್ಯಾಲೆಂಡರಿನ ಪಕ್ಕ ಗೋಡೆಗೆ ಅಂಟಿಸಿ.

ಫೋಟೋ ಬೇಡವೇ ಎಂದು ಯುವ ಸದಸ್ಯರು ಕೇಳಿದ್ದಾರೆ. ಸಹಿ ಹಾಕುವಾಗ ಬೇಡ. ಕಣ್ಣು ಕೊಟ್ಟ ಮನೆಯವರು ಒಪ್ಪಿದರೆ, ಅವರ ಹನ್ನೊಂದನೆಯ ದಿನ ಸಂಘದ ಪರವಾಗಿ ಸಮಿತಿಯವರು ಹೋಗಿ ಶಾಲು ಹೊದಿಸಿ, ನೆಂಟರಿಷ್ಟರೆಲ್ಲ ಕೇಳುವಂತೆ ಕನ್ನಡದಲ್ಲೂ ತೆಲುಗಿನಲ್ಲೂ ಎರಡು ಮಾತಾಡಿ ಬರುವುದೆಂದು ತೀರ್ಮಾನವಾಗಿದೆ. ಗೌರವ ಸಲ್ಲಬೇಕಾದದ್ದು ಅಂಗಳದಲ್ಲಿ ನಿಂತು ಮಾತು ಉಳಿಸಿಕೊಂಡ ಮಕ್ಕಳಿಗೆ.

ಹಾಳೆಗಳು ಹಿಂದೂಪುರ ಮತ್ತು ಕಲ್ಯಾಣದುರ್ಗದ ಸಮಿತಿ ಸದಸ್ಯರ ಬಳಿ ಸಿಗುತ್ತವೆ. ರಾಜ್ಯೋತ್ಸವಕ್ಕೆ ಮನೆಮಂದಿಯೊಂದಿಗೆ ಬನ್ನಿ. ಪಕ್ಕದ ಮನೆಯವರು ತೆಲುಗಿನವರಾದರೆ ಅವರನ್ನೂ ಕರೆತನ್ನಿ.

ಇತಿ ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ
(ಕಾರ್ಯಕಾರಿ ಸಮಿತಿಯ ಪರವಾಗಿ)